ಬೂರುಗದ ಬೆಟ್ಟದ ಕೊನೆಯ ಭಾನುವಾರ

ಭಾನುವಾರ, ೧೯ ಜನವರಿ ೨೦೨೫

ಇವತ್ತು ಒಂದು ಸುಳ್ಳು ಹೇಳಿಬಿಟ್ಟೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ ಎಂಬುದೇ ಸೋಜಿಗ.

ನನ್ನನ್ನು ನೋಡಲು ಚಿಂತಾಮಣಿಯಿಂದ ಬಂದಿದ್ದರು. ಗಂಡಿನ ಹೆಸರು ಮೋಹನ್‌ಬಾಬು. ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ವಯಸ್ಸು ನಲವತ್ತೊಂಬತ್ತು, ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಜೊತೆಗೆ ಅವರ ತಾಯಿ ವೆಂಕಟರತ್ನಮ್ಮ, ಮತ್ತೆ ಈ ಸಂಬಂಧ ತಂದ ಮುನಿನಾರಾಯಣಪ್ಪ. ನನಗೆ ನಲವತ್ನಾಲ್ಕಾದರೂ ಇಂಥ ದಿನಗಳಲ್ಲಿ ಈ ಮನೆಯವರಿಗೆ ನಾನು ‘ಹುಡುಗಿ’. ಅತ್ತಿಗೆ ಶ್ಯಾಮಲಮ್ಮ ಬೆಳಿಗ್ಗೆ ಎದ್ದವರೇ ನನ್ನ ತಲೆಗೆ ಬಣ್ಣ ಬಳಿದು, ಕಿವಿಯ ಹಿಂದೆ ಅಂಟಿದ್ದನ್ನು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ತೆಗೆದರು. ಕಿವಿ ಈಗಲೂ ಉರಿಯುತ್ತಿದೆ.

ಕಾಫಿ ಆದಮೇಲೆ ನಮ್ಮಿಬ್ಬರನ್ನೂ ತಾರಸಿಗೆ ಕಳಿಸಿದರು. ಒಣಹಾಕಿದ್ದ ಸಂಡಿಗೆಯನ್ನೇ ನೋಡುತ್ತಾ ನಿಂತೆವು. ಬಿಡುವಿದ್ದಾಗ ಏನು ಮಾಡ್ತೀರಿ ಎಂದು ಅವರೇ ಕೇಳಿದರು. ನನಗೆ ಬಿಡುವು ಯಾವತ್ತಿತ್ತು? ಹಾಸಿಗೆ ಹಿಡಿದ ಅಮ್ಮನನ್ನು ಹದಿನೈದು ವರ್ಷ ನೋಡಿಕೊಂಡೆ. ಅಮ್ಮ ಹೋಗಿ ವರ್ಷವಾಯಿತು, ಸಂಜೆಯಾದರೆ ಈಗಲೂ ಕೈ ಮಾತ್ರೆಯ ಡಬ್ಬಿ ಹುಡುಕುತ್ತದೆ. ಅದನ್ನೆಲ್ಲ ಹೇಳುವುದಕ್ಕಾಗುತ್ತದೆಯೇ? ನಮ್ಮ ರೇಷ್ಮೆಗೂಡು ಮಾರುಕಟ್ಟೆಯ ಆಫೀಸಿನಲ್ಲಿ ಹರಿಣಿ ಊಟದ ಹೊತ್ತಿಗೆ ತೋರಿಸುವ ಫೋಟೊಗಳು ಕಣ್ಣ ಮುಂದೆ ಬಂದವು.

“ಬೆಟ್ಟ ಹತ್ತೋದು ಅಂದ್ರೆ ಇಷ್ಟ” ಅಂದುಬಿಟ್ಟೆ.

ಅವರ ಮುಖ ಅರಳಿತೋ ಬಾಡಿತೋ, ಬಿಸಿಲಿನಲ್ಲಿ ತಿಳಿಯಲಿಲ್ಲ. ನನಗೂ ಇಷ್ಟ ಅಂದರು. ಆಮೇಲೆ ಸಂಡಿಗೆ ಕಡೆ ನೋಡುತ್ತಾ, ಹಂಗಾದ್ರೆ ಒಂದ್ಸಲ ಜೊತೇಲಿ ಹೋಗಣ ಅಂದರು. ಕೆಳಗೆ ಬಂದು ಎಲ್ಲರ ಮುಂದೆಯೂ ಅದನ್ನೇ ಹೇಳಿದರು. ವೆಂಕಟರತ್ನಮ್ಮ ಮಗನ ಮುಖ ನೋಡಿದರು, ಅಣ್ಣ ನನ್ನ ಮುಖ ನೋಡಿದ. ಬೆಟ್ಟಕ್ಕೆ ಹೋಗಿ ಬಂದ ಮೇಲೆ ಮುಂದಿನ ಮಾತು ಎಂದಾಯಿತು.

ನಾನು ಕಂಡ ಬೆಟ್ಟವೆಂದರೆ ನಂದಿ. ಅದೂ ಬಸ್ಸಿನಲ್ಲಿ.

ಸೋಮವಾರ, ೨೦ ಜನವರಿ

ಹರಿಣಿಗೆ ಹೇಳಿದೆ. ನಕ್ಕು ನಕ್ಕು ಅವಳಿಗೆ ಅನ್ನ ನೆತ್ತಿಗೇರಿತು. ಹರಾಜಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ, ಮೂವತ್ತರ ಆಸುಪಾಸು, ಪ್ರತಿ ರಜೆಗೂ ಯಾವುದಾದರೊಂದು ಬೆಟ್ಟದ ತುದಿಯಲ್ಲಿರುತ್ತಾಳೆ. ನೀರು ಕುಡಿದು ಸುಧಾರಿಸಿಕೊಂಡವಳೇ ಫೋನು ತೆಗೆದಳು. ಮುದ್ದೇನಹಳ್ಳಿಯಿಂದಾಚೆ ಬೂರುಗದ ಬೆಟ್ಟ ಇದೆಯಂತೆ. ತುದಿಯವರೆಗೂ ಕಾಡು. ಅರಣ್ಯ ಇಲಾಖೆಯವರ ಜೊತೆಯಲ್ಲೇ ಹೋಗಬೇಕು. ಮಾರ್ಚಿ ಬಂದರೆ ಕಾಡಿಗೆ ಬೆಂಕಿ ಬೀಳುವ ಕಾಲವೆಂದು ದಾರಿ ಮುಚ್ಚಿಬಿಡುತ್ತಾರೆ. ಫೆಬ್ರವರಿಯ ಕೊನೆಯ ಭಾನುವಾರ ಮಾತ್ರ ಜಾಗ ಖಾಲಿ ಇತ್ತು. ನಾನು ಬೇಡ ಅನ್ನುವಷ್ಟರಲ್ಲಿ ಮೂವರ ಹೆಸರು ಹಾಕಿಬಿಟ್ಟಳು.

“ಅಷ್ಟರೊಳಗೆ ನಿಮ್ಮನ್ನ ರೆಡಿ ಮಾಡೋದು ನನ್ ಜವಾಬ್ದಾರಿ ಅಕ್ಕ.”

ಈ ಸಂಬಂಧ ಕೈತಪ್ಪಬಾರದು. ಮೇ ತಿಂಗಳಲ್ಲಿ ಅಣ್ಣನ ಮಗನ ಮದುವೆ. ಹೊಸ ಸೊಸೆ ಬಂದರೆ ನನ್ನ ಕೋಣೆ ಬೇಕಾಗುತ್ತದೆ. ಯಾರೂ ಬಾಯಿಬಿಟ್ಟು ಹೇಳಿಲ್ಲ, ಹೇಳುವವರೂ ಅಲ್ಲ. ಮೊನ್ನೆ ಅತ್ತಿಗೆ ಬಾಗಿಲಲ್ಲಿ ನಿಂತು ನನ್ನ ಗೋಡೆಯನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ನಾನು ನೋಡಿದೆನೆಂದು ಗೊತ್ತಾಗಿ, ಜೇಡರ ಬಲೆ ಕಟ್ಟಿದೆ ಅಂದರು.

ಗುರುವಾರ, ೨೩ ಜನವರಿ

ಕೆರೆ ಏರಿಯ ಮೇಲೆ ಮೊದಲ ದಿನ. ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಬಾಯಿ ಒಣಗಿ, ಪಕ್ಕೆ ಹಿಡಿದು, ಒಂದು ಕಲ್ಲಿನ ಮೇಲೆ ಕೂತೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಆಸ್ಪತ್ರೆಗೆ ಆಟೋ ಕರೀಲೇನಮ್ಮ ಎಂದು ಕೇಳಿದಳು.

ಮೋಹನ್‌ಬಾಬು ಅವರ ಮುಂದೆ ಹೀಗೆ ಕೂತರೆ ಏನೆಂದುಕೊಂಡಾರು?

ಭಾನುವಾರ, ೨ ಫೆಬ್ರವರಿ

ಹರಿಣಿ ನಂದಿಗೆ ಕರೆದುಕೊಂಡು ಹೋದಳು, ಬಸ್ಸಿನ ದಾರಿಯಲ್ಲಲ್ಲ, ಹಳೇ ಮೆಟ್ಟಿಲ ದಾರಿಯಲ್ಲಿ. ಅರ್ಧಕ್ಕೇ ಮೊಣಕಾಲು ಕುಣಿಯತೊಡಗಿ ವಾಪಸು ಬಂದೆವು. ಇಳಿಯುವಾಗ ಅಳು ಬಂತು. ಹರಿಣಿ ಕೆಳಗೆ ಬಂದು ದ್ರಾಕ್ಷಿ ಕೊಡಿಸಿದಳು. ನಾಲ್ಕು ಕಾಳು ತಿನ್ನುವಷ್ಟರಲ್ಲಿ ಅಳು ಹೋಗಿತ್ತು, ಗೊಂಚಲು ಪೂರ್ತಿ ಮುಗಿಸಿದೆ.

ಬುಧವಾರ, ೫ ಫೆಬ್ರವರಿ

ಮೋಹನ್‌ಬಾಬು ಅವರಿಂದ ಮೆಸೇಜು ಬಂತು. ಇದುವರೆಗೆ ಯಾವ ಯಾವ ಬೆಟ್ಟ ಹತ್ತಿದ್ದೀರಿ ಅಂತ. ಹರಿಣಿಯನ್ನು ಕೇಳಿ ಐದಾರು ಹೆಸರು ಬರೆದು ಕಳಿಸಿದೆ. ‘ಓ ಸೂಪರ್’ ಎಂದು ಬಂತು. ಸ್ವಲ್ಪ ಹೊತ್ತಾದ ಮೇಲೆ, ಬೂರುಗದ ಬೆಟ್ಟ ತುಂಬಾ ಕಡಿದಾಗಿದೆಯಾ ಎಂದು ಕೇಳಿದರು. ನಿಮ್ಮಂಥವರಿಗೆ ಏನು ಮಹಾ ಎಂದು ಬರೆದೆ. ಅದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ.

ದೊಡ್ಡ ಚಾರಣಿಗರಿರಬೇಕು. ಕಡಿಮೆ ಮಾತಿನವರು.

ಭಾನುವಾರ, ೯ ಫೆಬ್ರವರಿ

ಹತ್ತಿದೆ! ಮೆಟ್ಟಿಲ ದಾರಿ ಪೂರ್ತಿ, ಕೋಟೆಯ ಬಾಗಿಲವರೆಗೂ. ನಿಂತು ನಿಂತು ಹತ್ತಿದೆ, ಆದರೆ ಕೂರಲಿಲ್ಲ. ಮೇಲೆ ಗಾಳಿಗೆ ಬೆವರೆಲ್ಲ ಆರಿ, ಮೈ ತಣ್ಣಗಾಗಿ, ಯಾರೋ ಒಗೆದು ಹಿಂಡಿ ಒಣಹಾಕಿದಂತಿತ್ತು ನನ್ನನ್ನು. ಕಾರಿನಲ್ಲಿ ಬಂದವರು ಮಸಾಲೆ ಕಡಲೆ ತಿನ್ನುತ್ತಾ ನಿಂತಿದ್ದರು. ಅವರನ್ನು ನೋಡಿ ಸ್ವಲ್ಪ ಜಂಬ ಬಂತು, ನಿಜ.

ಮನೆಗೆ ಬಂದು ಮೂರು ಮುದ್ದೆ ತಿಂದೆ. ಅತ್ತಿಗೆ ಕಣ್ಣುಬಿಟ್ಟು ನೋಡಿದರು. ಗಂಡಿನ ಮುಂದೆ ಹೀಗೆ ತಿನ್ನಬೇಡ ಅಂದರು.

ಶನಿವಾರ, ೧೫ ಫೆಬ್ರವರಿ

ಅತ್ತಿಗೆಯ ಬುದ್ಧಿಮಾತುಗಳು ದಿನಕ್ಕೊಂದು. ಅವರಿಗಿಂತ ಮುಂದೆ ನಡೀಬೇಡ. ಅವರು ಕೂತರೆ ನೀನೂ ಕೂತ್ಕೊ. ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನು. ಮಾತಿನ ಮಧ್ಯೆ ಮಾರುಕಟ್ಟೆ ವಿಷಯ ತರಬೇಡ. ಎಲ್ಲದಕ್ಕೂ ಹೂಂ ಅಂದೆ. ಅತ್ತಿಗೆ ಕೆಟ್ಟವರಲ್ಲ. ಅಮ್ಮನ ಕೊನೆಯ ದಿನಗಳಲ್ಲಿ ನನ್ನ ಜೊತೆ ಸರದಿಯಲ್ಲಿ ಎದ್ದು ಕೂತವರು ಅವರೊಬ್ಬರೇ.

ಸೀರೆಯೋ ಚೂಡಿದಾರೋ ಎಂದು ಅರ್ಧ ಗಂಟೆ ಚರ್ಚೆ. ಮುಳ್ಳಿನ ಗಿಡ ಜಾಸ್ತಿ ಎಂದು ಹರಿಣಿ ಪ್ಯಾಂಟು ಕೊಟ್ಟಿದ್ದಾಳೆ. ಅದನ್ನು ಇನ್ನೂ ಯಾರಿಗೂ ತೋರಿಸಿಲ್ಲ.

ಗುರುವಾರ, ೨೦ ಫೆಬ್ರವರಿ

ಕೆರೆ ಏರಿಯ ಮೇಲೆ ಈ ದಿನ ಮೂರು ಸುತ್ತು. ಸೂರ್ಯ ಹುಟ್ಟುವಾಗ ನೀರಿನ ಅಂಚಿನಲ್ಲಿ ಒಂದು ಉದ್ದ ಕಾಲಿನ ಹಕ್ಕಿ, ಕಾಲನ್ನು ಎತ್ತಿ, ಇಡಲೋ ಬೇಡವೋ ಎಂದು ಯೋಚಿಸಿ ಯೋಚಿಸಿ ಇಡುತ್ತಿತ್ತು. ಅದನ್ನು ನೋಡುತ್ತಾ ಆಫೀಸಿಗೆ ತಡವಾಯಿತು. ಬೈತಲೆಯಲ್ಲಿ ಬಿಳಿ ಕಾಣಿಸ್ತಿದೆ, ಭಾನುವಾರದೊಳಗೆ ಬಣ್ಣ ಹಚ್ಕೊಳ್ಳಿ ಅಕ್ಕ ಎಂದು ಹರಿಣಿ ನೆನಪಿಸಿದಳು. ಬೆಳಿಗ್ಗೆ ನಡೆಯಲು ಹೋದರೆ ಅದಕ್ಕೆಲ್ಲ ಎಲ್ಲಿ ಹೊತ್ತು?

ಶನಿವಾರ, ೨೨ ಫೆಬ್ರವರಿ

ನಾಳೆ. ಬೂಟಿನ ದಾರ ಎರಡು ಸಲ ಬಿಚ್ಚಿ ಕಟ್ಟಿದೆ. ನಿದ್ದೆ ಬರುವ ಲಕ್ಷಣವಿಲ್ಲ, ಆದರೂ ಮಲಗುತ್ತೇನೆ.

ಭಾನುವಾರ, ೨೩ ಫೆಬ್ರವರಿ

ಬೆರಳೆಲ್ಲ ಬಂಡೆಗೆ ಉಜ್ಜಿ ತರಚಿದೆ, ಅಕ್ಷರ ಅಂಕುಡೊಂಕು. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಕು ಹರಿಯುವ ಹೊತ್ತಿಗೆ ಹರಿಣಿಯ ಸ್ಕೂಟರಿನಲ್ಲಿ ಮುದ್ದೇನಹಳ್ಳಿ ದಾಟಿದೆವು. ಮಂಜು ರಸ್ತೆಯ ಮೇಲೆಯೇ ಕೂತಿತ್ತು. ಬೆಟ್ಟದ ಬುಡದ ಗೇಟಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಮೋಹನ್‌ಬಾಬು ಆಗಲೇ ಬಂದಿದ್ದರು. ಬೂಟು ಎಷ್ಟು ಹೊಸದೆಂದರೆ ಒಂದರ ಹಿಮ್ಮಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಬೆನ್ನಿನ ಮೇಲೆ ಊದಿಕೊಂಡ ಚೀಲ. ತಾಯಿ ಚಿತ್ರಾನ್ನ, ಕೋಡುಬಳೆ, ಮಜ್ಜಿಗೆ, ಛತ್ರಿ, ಟವಲು ಎಲ್ಲ ತುಂಬಿ ಕಳಿಸಿದ್ದರು. ನನ್ನ ಪ್ಯಾಂಟನ್ನು ಅವರು ಒಮ್ಮೆ ನೋಡಿ, ಚೀಲದ ಪಟ್ಟಿ ಸರಿಮಾಡಿಕೊಂಡರು. ದೊಡ್ಡ ಚಾರಣಿಗರು ಛತ್ರಿ ತರುತ್ತಾರೆಯೇ ಎಂದು ನನಗೆ ಆಗಲೇ ಅನ್ನಿಸಬೇಕಿತ್ತು.

ದಾರಿ ತೋರಿಸುವವರು ರಾಮಾಂಜಿನಪ್ಪ, ಬೆಟ್ಟದ ಬುಡದ ಊರಿನವರೇ, ಬಿಳಿ ಮೀಸೆ, ಕತ್ತಿನಲ್ಲಿ ಸೀಟಿ. ಎಲ್ಲರಿಗಿಂತ ಹಿಂದೆ ಬರುವವಳು ಅರಣ್ಯ ಇಲಾಖೆಯ ಕಾವಲಿನ ಕವಿತ. ಬೀಡಿ, ಬೆಂಕಿಪೊಟ್ಟಣ ಇದ್ದವರು ಇಲ್ಲೇ ಬಿಡಬೇಕು, ಒಂದು ಕಿಡಿ ಬಿದ್ದರೆ ಇಡೀ ಬೆಟ್ಟ ಹೋಗುತ್ತದೆ ಎಂದು ರಾಮಾಂಜಿನಪ್ಪ ಹೇಳಿದರು. ಸುಸ್ತಾದವರು ನಾಚಿಕೆಪಡದೆ ಹೇಳಿ, ಕವಿತ ವಾಪಸು ಕರೆದುಕೊಂಡು ಬರುತ್ತಾಳೆ ಎಂದೂ ಸೇರಿಸಿದರು.

ಮೊದಲು ನೀಲಗಿರಿ ತೋಪು. ಅದು ಮುಗಿದದ್ದೇ ತಡ, ಬಾಗಿಲು ತೆರೆದು ಒಳಗೆ ಬಂದಂತೆ ಕಾಡು. ಒಣಗಿದ ಎಲೆ ಮೊಣಕಾಲ ಮಟ್ಟ, ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಮುಂಗಾರಿನಲ್ಲಿ ಬಂದವರಿಗೆ ಹಸಿರು ಸಿಗುತ್ತದೆ, ನಮಗೆ ಸಿಕ್ಕಿದ್ದು ಹೂವು. ಎಲೆ ಒಂದೂ ಇಲ್ಲದ ಬೂರುಗದ ಮರಗಳ ತುಂಬ ಅಂಗೈಯಗಲದ ಕೆಂಪು ಹೂ. ಬಿದ್ದ ಹೂವಿನ ಮೇಲೆಯೇ ನಡೆಯಬೇಕಿತ್ತು. ಒಂದನ್ನು ಎತ್ತಿಕೊಂಡೆ, ಹಸುಗೂಸಿನ ಕೆನ್ನೆಯಂತೆ ಮೆತ್ತಗೆ, ಭಾರ. ಮೇಲೆ ಹಕ್ಕಿಗಳ ಜಗಳ. ಒಂದು ಕಡೆ ಕರಡಿಯ ಲದ್ದಿ ತೋರಿಸಿದರು, ತುಂಬ ಬೀಜ, ನಿನ್ನೆಯದಂತೆ. ಮೈ ಜುಮ್ಮೆಂದಿತು. ಭಯವಲ್ಲ, ಏನೋ ಒಂಥರ ಖುಷಿ.

ಮೋಹನ್‌ಬಾಬು ಮೊದಮೊದಲು ಚೆನ್ನಾಗಿ ಮಾತಾಡುತ್ತಿದ್ದರು. ಟೊಮೇಟೊದ ಹೊಸ ತಳಿ, ಹೂಕೋಸಿನ ರೋಗ. ಆಮೇಲೆ ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಅನುಭವಸ್ಥರು ಉಸಿರು ಉಳಿಸಿಕೊಳ್ಳುತ್ತಾರೆ ಎಂದುಕೊಂಡೆ. ಅತ್ತಿಗೆ ಹೇಳಿದ್ದು ನೆನಪಿತ್ತು, ಅವರ ಹಿಂದೆಯೇ ನಡೆಯುತ್ತಿದ್ದೆ. ಯಾವಾಗ ಮುಂದೆ ಬಂದೆನೋ ಗೊತ್ತಾಗಲಿಲ್ಲ.

ಅರ್ಧ ಬೆಟ್ಟ ಕಳೆದ ಮೇಲೆ ದೊಡ್ಡ ಬಂಡೆ ಬಂತು. ಎರಡು ಮನೆಯಷ್ಟು ಉದ್ದ, ಓರೆಯಾಗಿ ಮಲಗಿದೆ. ಕಾಲಿಡಲು ಸಣ್ಣ ಸಣ್ಣ ಗುಳಿ ಕೊರೆದಿದ್ದಾರೆ. ಎಡಗಡೆ ಏನೂ ಇಲ್ಲ, ಬರೀ ಗಾಳಿ, ಬಹಳ ಕೆಳಗೆ ಮರಗಳ ತಲೆ. ಆದರೂ ಕಾಲು ತಾನಾಗಿ ಹೋಯಿತು. ದಾಟಿ, ಉಸಿರುಬಿಟ್ಟು, ಹಿಂದೆ ನೋಡಿದೆ.

ಮೋಹನ್‌ಬಾಬು ಬಂಡೆಯ ನಡುವೆ ಅಂಗೈ, ಮಂಡಿ ಊರಿ ಅಂಟಿಕೊಂಡಿದ್ದರು. ಅಲುಗಾಡುತ್ತಿರಲಿಲ್ಲ. ಬೆನ್ನಿನ ಚೀಲ ಎಡಕ್ಕೆ ಜಾರಿ, ಅವರನ್ನೂ ಆ ಕಡೆಗೇ ಎಳೆಯುತ್ತಿತ್ತು.

ರಾಮಾಂಜಿನಪ್ಪ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿದರು. ಅವರು ಬಹಳ ಮುಂದಿದ್ದರು, ಕವಿತ ಬಹಳ ಹಿಂದೆ. ಹತ್ತಿರವಿದ್ದವಳು ನಾನೇ. ಕೂತುಕೊಂಡೇ ಜಾರುತ್ತಾ ಅವರ ಪಕ್ಕಕ್ಕೆ ಹೋಗಿ, ಮೊದಲು ಚೀಲವನ್ನು ಅವರ ಹೆಗಲಿನಿಂದ ಬಿಡಿಸಿ ನನ್ನ ಬಲಗಡೆಗೆ ಎಳೆದುಕೊಂಡೆ. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಕೈ ಬರ್ತಾ ಇಲ್ಲ” ಅಂದರು.

“ಯಾವ ಕೈ?”

“ಎರಡೂ.”

ಕಲ್ಲನ್ನು ಮಾತ್ರ ನೋಡಿ ಅಂದೆ. ನಿಮ್ಮ ಅಂಗಡಿಯಲ್ಲಿ ಯಾವ ಯಾವ ಟೊಮೇಟೊ ಬೀಜ ಇದೆ, ಹೇಳಿ ಅಂದೆ. ಅವರು ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. ಹೇಳಿ ಅಂದೆ. ಒಂದು ಹೆಸರು ಹೇಳಿದರು. ಬಲಗೈ ಹಿಂದಕ್ಕಿಡಿ ಅಂದೆ, ಇಟ್ಟರು. ಇನ್ನೊಂದು ಹೆಸರು, ಎಡಗೈ. ಟೊಮೇಟೊ ಮುಗಿದು, ಬದನೆ ಮುಗಿದು, ಹುರುಳಿಕಾಯಿಗೆ ಬರುವಷ್ಟರಲ್ಲಿ ಬಂಡೆಯ ಈಚೆ ಬದಿ, ಹತ್ತಲು ಶುರುಮಾಡಿದ ಕಡೆಗೇ, ತಲುಪಿದ್ದೆವು. ಅಲ್ಲಿ ಕವಿತ ಅವರ ರಟ್ಟೆ ಹಿಡಿದು ಒಂದು ಮರದ ಬುಡದಲ್ಲಿ ಕೂರಿಸಿದಳು.

ನೀರು ಕುಡಿದ ಮೇಲೆ, ನಾನು ಯಾವ ಬೆಟ್ಟವನ್ನೂ ಹತ್ತಿದವನಲ್ಲ ಎಂದು ಹೇಳಿದರು. ಅಂಗಡಿಯ ಅಟ್ಟಕ್ಕೆ ಏಣಿ ಹಾಕಿದರೂ ತಲೆ ಸುತ್ತುತ್ತದಂತೆ.

“ನೀವು ಬೆಟ್ಟ ಅಂದ್ರಿ. ನಾನು ಇಲ್ಲ ಅಂದ್ರೆ ಅಲ್ಲಿಗೇ ಮುಗ್ದೋಗುತ್ತೇನೋ ಅಂತ.”

ನನಗೆ ನಗು ತಡೆಯಲಾಗಲಿಲ್ಲ. ನಾನು ಹೇಳಿದ್ದೂ ಸುಳ್ಳೇ ಅಂದೆ. ಒಂದು ಗಳಿಗೆ ನನ್ನನ್ನೇ ನೋಡಿ, ಅವರೂ ನಕ್ಕರು. ಕವಿತ ಆ ಕಡೆ ತಿರುಗಿ ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದ ಬಾಯಿ ಮುಚ್ಚಿಕೊಂಡಳು.

ನಗು ನಿಂತ ಮೇಲೆ ಅವರು ಬಟ್ಟೆ ಕೊಡವಿಕೊಂಡು ಎದ್ದರು. “ಸರಿ, ಇಲ್ಲಿಗೆ ಸಾಕು. ಇಬ್ಬರೂ ಇಳಿದು ಹೋಗಣ. ನಾವು ಬಂದಿದ್ದು ಮಾತಾಡಕ್ಕೆ ತಾನೆ, ಅದಾಯ್ತಲ್ಲ.”

ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಂದದ್ದು ಅದಕ್ಕೇ. ಬಂಡೆಯಾಚೆ ರಾಮಾಂಜಿನಪ್ಪ ಕಾಯುತ್ತಿದ್ದರು, ಹರಿಣಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವರ ಹಿಂದೆ ಕಾಡು ದಟ್ಟವಾಗಿ ಮೇಲಕ್ಕೆ ಹೋಗುತ್ತಿತ್ತು. ತುದಿ ಕಾಣುತ್ತಿರಲಿಲ್ಲ.

“ನೀವು ಕೂತಿರಿ. ನಾನು ಹೋಗಿ ಬರ್ತೀನಿ” ಅಂದೆ.

“ನನ್ನ ಬಿಟ್ಟು?”

“ಕವಿತ ಇರ್ತಾಳೆ.”

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗುತ್ತಿರಲಿಲ್ಲವೇನೋ.

ಆಮೇಲಿನದನ್ನು ಹೇಗೆ ಬರೆಯಲಿ? ಕಾಲು ಉರಿಯುತ್ತಿತ್ತು, ಉಸಿರು ಸಾಲದು, ಆದರೂ ನಿಲ್ಲಬೇಕೆನ್ನಿಸಲಿಲ್ಲ. ಬಿದಿರು ಮೆಳೆ ದಾಟಿದ ಮೇಲೆ ಮರಗಳು ಒತ್ತೊತ್ತಾಗಿ, ಬಿಸಿಲು ಚಿಲ್ಲರೆ ಚಿಲ್ಲರೆಯಾಗಿ ಬೀಳುತ್ತಿತ್ತು. ತುದಿ ಬಂದದ್ದೇ ತಿಳಿಯಲಿಲ್ಲ, ಅಲ್ಲಿಯೂ ಕಾಡೇ. ಇದೇ ತುದಿಯಾ ಎಂದು ಪೆಚ್ಚಾಗಿ ಕೇಳಿದೆ. ರಾಮಾಂಜಿನಪ್ಪ ಮರಗಳ ನಡುವಿನ ಒಂದು ಗುಂಡುಕಲ್ಲಿನ ಕಡೆ ಕೈ ತೋರಿಸಿದರು. ಹರಿಣಿ ಕೆಳಗಿನಿಂದ ನೂಕಿದಳು, ಬೇರು ಹಿಡಿದು ಹತ್ತಿ ನಿಂತೆ. ಮರದ ತಲೆಗಳೆಲ್ಲ ಸೊಂಟದ ಮಟ್ಟಕ್ಕೆ ಇಳಿದವು. ಎದುರಿಗೆ ನಂದಿ, ಪಕ್ಕಕ್ಕೆ ಬೆಟ್ಟದ ಮೇಲೆ ಬೆಟ್ಟ, ಕೆಳಗೆ ದ್ರಾಕ್ಷಿ ತೋಟದ ಬಲೆಗಳು, ಹೂವಿನ ಪಾಲಿಹೌಸುಗಳು, ಕೆರೆಗಳು, ಎಲ್ಲ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ನಮ್ಮ ಶಿಡ್ಲಘಟ್ಟ ಯಾವ ಕಡೆ ಎಂದು ಕೇಳಿದೆ. ಒಂದು ಹೊಗೆಯಂಥ ಗೆರೆ ತೋರಿಸಿದರು. ಇಷ್ಟು ವರ್ಷ ಅದರೊಳಗೆ ಇದ್ದೆನೇ ನಾನು?

ಅಷ್ಟರಲ್ಲಿ ಫೋನು ಬಂತು, ಅತ್ತಿಗೆ.

“ಏನಂದ್ರಮ್ಮ?”

“ಯಾರು?” ಅಂದೆ.

ಗಾಳಿ ಜೋರಾಗಿತ್ತು, ಸಿಗ್ನಲ್ಲೂ ಸರಿಯಿರಲಿಲ್ಲ. ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟೆ.

ಇಳಿದು ಬಂದಾಗ ಮರದ ಬುಡದಲ್ಲಿ ಯಾರೂ ಇರಲಿಲ್ಲ. ಕವಿತ ಅವರನ್ನು ಕೆಳಗೆ ಕರೆದುಕೊಂಡು ಹೋಗಿದ್ದಾಳೆ ಎಂದು ರಾಮಾಂಜಿನಪ್ಪ ಫೋನು ಮಾಡಿ ತಿಳಿದುಕೊಂಡರು. ಮುಗಿಯಿತು ಎಂದುಕೊಂಡೇ ಉಳಿದ ದಾರಿ ಇಳಿದೆ.

ಗೇಟಿನ ಪಕ್ಕದ ಟೀ ಅಂಗಡಿಯ ಕಲ್ಲು ಚಪ್ಪಡಿಯ ಮೇಲೆ ಬರಿಗಾಲಲ್ಲಿ ಕೂತಿದ್ದರು. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ರಕ್ತ. ನನಗೆ ಮಜ್ಜಿಗೆ ಬಗ್ಗಿಸಿ ಕೊಟ್ಟರು. ಕೋಪ ಇದೆಯಾ ಎಂದು ಕೇಳಿದೆ.

“ಇದೆ. ನೀಲಗಿರಿ ತೋಪಿನ ತನಕ ಜಾಸ್ತಿ ಇತ್ತು.”

ಸ್ವಲ್ಪ ಹೊತ್ತಿನ ಮೇಲೆ, ಮೇಲೆ ಏನಿತ್ತು ಅಂದರು. ಹೇಳತೊಡಗಿದೆ. ಗುಂಡುಕಲ್ಲು, ಗಾಳಿ, ಬಲೆಗಳ ಹೊಳಪು, ಎಲ್ಲ. ಅವರ ಟೀ ಆರಿ ಕೆನೆಗಟ್ಟಿದಾಗಲೇ ಎಷ್ಟು ಹೊತ್ತು ಮಾತಾಡಿದೆನೆಂದು ತಿಳಿದದ್ದು. ಬೂಟನ್ನು ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬರಿಗಾಲಲ್ಲೇ ಹೊರಟರು. ಮದುವೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಬೆಟ್ಟದ ಕಥೆ ಹೇಳಿದೆ. ಬೆಟ್ಟ ಇರಲಮ್ಮ, ಅವರ ವಿಷಯ ಹೇಳು ಎಂದು ಅತ್ತಿಗೆ ಮೂರು ಸಲ ಕೇಳಿದರು.

ಸೋಮವಾರ, ೨೪ ಫೆಬ್ರವರಿ

ಮೆಟ್ಟಿಲಿಳಿಯಲು ಗೋಡೆ ಬೇಕು. ಎಂಥ ಸುಖದ ನೋವು.

ಬುಧವಾರ, ೨೬ ಫೆಬ್ರವರಿ, ಶಿವರಾತ್ರಿ

ಮುನಿನಾರಾಯಣಪ್ಪ ಬಂದಿದ್ದರು. ವೆಂಕಟರತ್ನಮ್ಮನಿಗೆ ಬೇಸರವಾಗಿದೆಯಂತೆ. ಮಗನನ್ನು ಬಂಡೆಯ ಮೇಲೆ ಬಿಟ್ಟು ಹೋದವಳು, ನಾಳೆ ಜ್ವರ ಬಂದು ಮಲಗಿದರೆ ಬಿಟ್ಟು ಹೋಗುವುದಿಲ್ಲವೆಂದು ಏನು ಗ್ಯಾರಂಟಿ ಅಂದರಂತೆ.

ಹದಿನೈದು ವರ್ಷ ಅಮ್ಮನನ್ನು ನೋಡಿಕೊಂಡ ನನಗೆ, ಆ ಮಾತು! ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ. ಅತ್ತಿಗೆ ಹಿಂದೆಯೇ ಬಂದು ನಲ್ಲಿ ನಿಲ್ಲಿಸಿದರು.

ಮುನಿನಾರಾಯಣಪ್ಪ ಹೋದ ಮೇಲೆ ಅಣ್ಣ ಮೆಲ್ಲಗೆ, ಒಂದು ಫೋನು ಮಾಡಿ ತಪ್ಪಾಯ್ತು ಅಂದುಬಿಡಮ್ಮ, ಮಾತಿಗೇನು ಖರ್ಚು ಅಂದ. ಅಣ್ಣನ ಮುಖ ನೋಡಿ ಪಾಪ ಅನ್ನಿಸಿತು. ಸಂಜೆಯವರೆಗೂ ಯೋಚಿಸಿದೆ. ಮೋಹನ್‌ಬಾಬು ಅವರನ್ನು ಬಂಡೆಯ ಮೇಲೆ ಬಿಡಲಿಲ್ಲ, ಮರದ ಕೆಳಗೆ, ಜೊತೆಯಿದ್ದವರ ಕೈಗೆ ಒಪ್ಪಿಸಿ ಹೋದೆ. ಹೋದದ್ದು ತಪ್ಪೆಂದು ಎಷ್ಟು ಹುಡುಕಿದರೂ ನನ್ನೊಳಗೆ ಸಿಗಲಿಲ್ಲ. ಸಿಕ್ಕಿದ್ದರೆ ಫೋನು ಮಾಡುತ್ತಿದ್ದೆ.

ಭಾನುವಾರ, ೨ ಮಾರ್ಚ್

ಬೂರುಗದ ಬೆಟ್ಟದ ಗೇಟು ನಿನ್ನೆಯಿಂದ ಬಂದ್. ಮಳೆ ಬರುವವರೆಗೂ ಕಾಯಬೇಕು ಎಂದು ಹರಿಣಿ ಹೇಳುತ್ತಿರುವಾಗಲೇ ಮೋಹನ್‌ಬಾಬು ಅವರ ಫೋನು. ತಾಯಿ ಆಡಿದ ಮಾತು ಆಮೇಲೆ ತಿಳಿಯಿತಂತೆ. ನಾನೇ ಹೋಗಿ ಬನ್ನಿ ಅಂದು ಕಳಿಸಿದೆ ಎಂದು ತಾಯಿಗೆ ಹೇಳಿದರಂತೆ.

“ನೀವು ಹಂಗನ್ನಲಿಲ್ಲವಲ್ಲ” ಅಂದೆ.

“ಅನ್ನಬೇಕಾಗಿತ್ತು” ಅಂದರು.

ಅವರ ಅಂಗಡಿಗೆ ಯಾರೋ ಗಿರಾಕಿ ಬಂದು ತೆಲುಗಿನಲ್ಲಿ ಏನೋ ಕೇಳುತ್ತಿದ್ದುದು ಕೇಳಿಸಿತು. ಫೋನು ಇಡದೆಯೇ ಅವರಿಗೆ ಬೀಜ ಅಳೆದು ಕೊಟ್ಟರು. ನಾನೂ ಇಡದೆ ಕಾದೆ. ಆಮೇಲೆ, ನಮ್ಮೂರ ಹತ್ತಿರ ಒಂದು ಗುಡ್ಡ ಇದೆ, ಬಂಡೆಗಿಂಡೆ ಏನೂ ಇಲ್ಲ, ಕುರಿ ಹತ್ತುತ್ತವೆ, ಅದರಿಂದ ಶುರು ಮಾಡಬಹುದಾ ಎಂದು ಕೇಳಿದರು. ನೋಡೋಣ ಅಂದೆ.

ಶನಿವಾರ, ೮ ಮಾರ್ಚ್

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮುನಿಶಾಮಮ್ಮನ ಮನೆಯ ಮೇಲ್ಮಹಡಿ ಖಾಲಿ ಇದೆ ಅಂದರು, ಹೋಗಿ ನೋಡಿದೆ. ಒಂದು ಕೋಣೆ, ಅಡುಗೆಮನೆ, ಪೂರ್ವಕ್ಕೆ ಬಾಗಿಲು, ದೊಡ್ಡ ತಾರಸಿ. ಏಪ್ರಿಲ್‌ನಿಂದ ಬರುತ್ತೇನೆಂದು ಹೇಳಿ ಬಂದೆ. ಅತ್ತಿಗೆಗೆ ತಿಳಿಸಿದಾಗ ಬಿಕ್ಕಿ ಅತ್ತರು, ನಾವು ಕಳಿಸಿದಂತಾಯಿತಲ್ಲ ಅಂತ. ಎರಡು ಬೀದಿಯಾಚೆ ಅಷ್ಟೇ, ಊಟಕ್ಕೆ ಇಲ್ಲಿಗೇ ಬರುತ್ತೇನೆ ಎಂದು ಸಮಾಧಾನ ಮಾಡಿದೆ. ಆ ಸಂಬಂಧ ಏನು ಮಾಡ್ತೀಯ ಎಂದು ಅಣ್ಣ ಕೇಳಿದ. ಅದನ್ನು ನಾನೇ ಅವರಿಗೆ ಹೇಳ್ತೀನಿ, ನೀನು ತಲೆ ಕೆಡಿಸಿಕೊಳ್ಳಬೇಡ ಅಂದೆ.

ತಾರಸಿಗೆ ಯಾವ ಗಿಡ ಸರಿಯೋ.

ಭಾನುವಾರ, ೧೬ ಮಾರ್ಚ್

ಚಿಂತಾಮಣಿಗೆ ಮೊದಲ ಬಸ್ಸಿಗೆ ಹೋದೆ. ಗುಡ್ಡ ನಿಜವಾಗಿಯೂ ಪುಟ್ಟದು. ಮೋಹನ್‌ಬಾಬು ಹಳೆಯ ಚಪ್ಪಲಿ ಹಾಕಿಕೊಂಡು ಬುಡದಲ್ಲೇ ನಿಂತಿದ್ದರು, ಚೀಲ ಇಲ್ಲ, ಒಂದು ನೀರಿನ ಬಾಟಲಿ ಅಷ್ಟೇ. ತಾಯಿ ಏನಂದರು ಎಂದು ಕೇಳಿದೆ. ನಿನ್ನೆ ರಾತ್ರಿಯಿಂದ ಮಾತಾಡುತ್ತಿಲ್ಲ, ಆದರೆ ಬೆಳಿಗ್ಗೆ ಉಪ್ಪಿಟ್ಟು ಮಾಡಿ ಇಟ್ಟಿದ್ದರು ಅಂದರು.

ಕುರಿ ಜಾಡಿನಲ್ಲಿ ಹತ್ತತೊಡಗಿದೆವು. ಒಣಹುಲ್ಲು, ಸೀತಾಫಲದ ಗಿಡಗಳು, ಅಲ್ಲಲ್ಲಿ ಜಾಲಿ. ಗುಡ್ಡ ಚಿಕ್ಕದಾದರೂ ಒಂದು ಕಡೆ ಇಳಿಜಾರು ಕಾಣುತ್ತದೆ. ಅಲ್ಲಿ ಬಂದಾಗ ಅವರು ನಿಂತರು, ಕಣ್ಣು ಮುಚ್ಚಿದರು, ನೆಲ ನೋಡಿಕೊಂಡು ಮತ್ತೆ ಕಾಲಿಟ್ಟರು. ನನ್ನ ಕಾಲಿಗೆ ಅವರ ವೇಗ ಹೊಂದುವುದಿಲ್ಲ, ಮುಂದೆ ಹೋಗಿ ತುದಿಯಲ್ಲಿ ನಿಂತೆ. ಒಳ್ಳೆ ಗಾಳಿ. ಊರಿನ ಮಾರ್ಕೆಟ್ಟಿನ ಲಾರಿಗಳೆಲ್ಲ ಬೆಂಕಿಪೊಟ್ಟಣದ ಹಾಗೆ ಕಾಣುತ್ತಿದ್ದವು.

ಅವರು ಅರ್ಧದಲ್ಲಿ ನಿಂತು ಕೆಳಗಿನಿಂದಲೇ ಕೂಗಿ ಕೇಳಿದರು, “ನಮ್ಮ ವಿಷಯ ಏನು ಯೋಚ್ನೆ ಮಾಡಿದ್ರಿ?”

“ಮೇಲಕ್ಕೆ ಬನ್ನಿ, ಹೇಳ್ತೀನಿ.”

ಬಂದರು. ಎರಡು ಕಡೆ ಕೂತು, ಒಂದು ಕಡೆ ಕೈ ಊರಿ, ಕೊನೆಯ ಏರನ್ನು ಹುಲ್ಲಿನ ಬುಡ ಹಿಡಿದು ಹತ್ತಿ, ನನ್ನ ಪಕ್ಕದ ಕಲ್ಲಿನ ಮೇಲೆ ದೊಪ್ಪನೆ ಕೂತರು. ಸುತ್ತ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ, ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ನಾನು ಕೆಲಸ ಬಿಡುವುದಿಲ್ಲ, ಬಾಡಿಗೆ ಮನೆ ಹಿಡಿದಿದ್ದೇನೆ, ಮಳೆ ಬಂದ ಮೇಲೆ ಬೂರುಗದ ಬೆಟ್ಟಕ್ಕೆ ಮತ್ತೆ ಹೋಗುತ್ತೇನೆ, ಇದಕ್ಕೆಲ್ಲ ನಿಮಗೆ ಒಪ್ಪಿಗೆಯಿದ್ದರೆ ನನಗೂ ಒಪ್ಪಿಗೆ ಅಂದೆ.

ಅವರು ಒಂದು ಕೈ ಮೇಲೆತ್ತಿದರು. ಸ್ವಲ್ಪ ತಡೀರಿ, ಉಸಿರು ಸಿಗಲಿ ಅಂತ.

ಬಾಟಲಿ ಬಿಚ್ಚಿ ಅವರ ಕೈಗೆ ಕೊಟ್ಟು, ಲಾರಿಗಳನ್ನು ನೋಡುತ್ತಾ ನಿಂತೆ. ನನಗೇನೂ ಅವಸರವಿರಲಿಲ್ಲ.